ಪುನರ್ಮಿಲನಕ್ಕೆ ನಟರಷ್ಟೇ ಸಾಲದು, ಟೇಪೂ ಬೇಕು

ಟಿವಿಯ ಹಳೆಯ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳು ಹತ್ತಾರು ವರ್ಷಗಳ ಬಳಿಕ ಅದೇ ನಟರೊಂದಿಗೆ ಮರಳಿ ಬರುವುದು ಈಗ ಅಪರೂಪವಲ್ಲ. 2023 ಒಂದೇ ವರ್ಷವನ್ನು ತೆಗೆದುಕೊಳ್ಳಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ‘ಸ್ಟಾರ್ ಟ್ರೆಕ್: ಪಿಕಾರ್ಡ್’ನ ಮೂರನೇ ಸರಣಿ ಪ್ರಸಾರವಾಯಿತು. 1987ರಿಂದ 1994ರವರೆಗೆ ಓಡಿದ ‘ಸ್ಟಾರ್ ಟ್ರೆಕ್: ನೆಕ್ಸ್ಟ್ ಜನರೇಶನ್’ನ ಮುಖ್ಯ ನಟರ ತಂಡ ಅದರಲ್ಲಿ ಮತ್ತೆ ಒಟ್ಟಾಯಿತು. ಆಗಸ್ಟಿನಲ್ಲಿ ‘ಬ್ಯಾಬಿಲಾನ್ 5’ ಅನಿಮೇಶನ್ ಚಿತ್ರವಾಗಿ ಬಂತು. ನವೆಂಬರ್ 25ರಿಂದ ಮೂರು ಶನಿವಾರ ಬಿಬಿಸಿಯ ‘ಡಾಕ್ಟರ್ ಹೂ’ ತನ್ನ 60ನೇ ವರ್ಷದ ವಿಶೇಷ ಕಂತುಗಳನ್ನು ಹಳೆಯ ಜೋಡಿ ಡೇವಿಡ್ ಟೆನಂಟ್ ಮತ್ತು ಕ್ಯಾಥರೀನ್ ಟೇಟ್ ಜೊತೆ ಪ್ರಸಾರ ಮಾಡಿತು. ಮೂಲ ‘ಸ್ಟಾರ್ ಟ್ರೆಕ್’ಗೆ 60 ತುಂಬುವುದು 2026ರ ಸೆಪ್ಟೆಂಬರ್ 8ಕ್ಕೆ.

ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ತನಕದ ಕನ್ನಡ ಮನೆಗಳಲ್ಲಿ ಇಂಥ ಸುದ್ದಿ ಬಂದಾಗ ಬೇರೊಂದು ನೆನಪು ಏಳುತ್ತದೆ. 1980ರ ದಶಕದ ಕೊನೆಗೆ ಇಲ್ಲಿ ಟಿವಿ ಎಂದರೆ ದೂರದರ್ಶನ. ದೆಹಲಿಯಿಂದ ಹಿಂದಿ, ತಿರುವನಂತಪುರದಿಂದ ಮಲಯಾಳಂ. ಆಗ ಮಕ್ಕಳಾಗಿದ್ದು ಈಗ ಐವತ್ತರ ಆಸುಪಾಸಿನಲ್ಲಿರುವವರಿಗೆ ವೈಜ್ಞಾನಿಕ ಧಾರಾವಾಹಿ ಎಂದರೆ 1989ರ ‘ಸ್ಪೇಸ್ ಸಿಟಿ ಸಿಗ್ಮಾ’, ಅದೇ ವರ್ಷದ ‘ಇಂದ್ರಧನುಷ್’, ಆಮೇಲೆ 1998ರಲ್ಲಿ ಕೇತನ್ ಮೆಹ್ತಾ ನಿರ್ದೇಶಿಸಿದ, ಮಿಲಿಂದ್ ಸೋಮನ್ ನಟಿಸಿದ ‘ಕ್ಯಾಪ್ಟನ್ ವ್ಯೋಮ್’. ‘ಇಂದ್ರಧನುಷ್’ನಲ್ಲಿ ಗಿರೀಶ್ ಕಾರ್ನಾಡರು ತಂದೆಯ ಪಾತ್ರದಲ್ಲಿದ್ದರು. ಮುಂದೆ ಹಿಂದಿ ಸಿನಿಮಾದಲ್ಲಿ ಹೆಸರು ಮಾಡಿದ ಊರ್ಮಿಳಾ ಮಾತೋಂಡ್ಕರ್ ಮತ್ತು ಕರಣ್ ಜೋಹರ್ ಅದರಲ್ಲಿ ಎಳೆಯ ಕಲಾವಿದರಾಗಿ ಕಾಣಿಸಿಕೊಂಡಿದ್ದರು. ಇಂಗ್ಲೆಂಡು, ಅಮೆರಿಕದವರು ತಮ್ಮ ಹಳೆಯ ತಂಡಗಳನ್ನು ಒಟ್ಟುಗೂಡಿಸುತ್ತಿರುವಾಗ ನಮ್ಮವು ಯಾಕೆ ಬರುವುದಿಲ್ಲ ಎಂಬ ಪ್ರಶ್ನೆ ಸಹಜ.

ದುಡ್ಡಿಲ್ಲ, ನಟರಿಗೆ ಬಿಡುವಿಲ್ಲ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಆ ಎರಡೂ ಬರುವುದು ಮೂರನೆಯ, ನಾಲ್ಕನೆಯ ಸ್ಥಾನದಲ್ಲಿ. ಹಳೆಯ ಚಿತ್ರೀಕರಣ ಯಾವ ಸ್ಥಿತಿಯಲ್ಲಿ ಉಳಿದಿದೆ ಎಂಬುದು ಮೊದಲ ಪ್ರಶ್ನೆ, ಹಕ್ಕಿನ ಕಾಗದ ಯಾರ ಕೈಯಲ್ಲಿದೆ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಇಲ್ಲದ ಕಡೆ ಯಾವ ತಾರೆ ಒಪ್ಪಿಕೊಂಡರೂ ಕೆಲಸ ಮುಂದೆ ಹೋಗದು.

ವೈಜ್ಞಾನಿಕ ಧಾರಾವಾಹಿಗೆ ಇದು ಯಾಕೆ ಹೆಚ್ಚು ಕಷ್ಟ

ಮನೆಮಂದಿಯ ಹಾಸ್ಯ ಧಾರಾವಾಹಿಯ ನಟರನ್ನು ಸೋಫಾದ ಮೇಲೆ ಕೂರಿಸಿ ಹರಟೆ ಹೊಡೆಸಿದರೂ ಒಂದು ವಿಶೇಷ ಕಾರ್ಯಕ್ರಮ ಆಗುತ್ತದೆ. ವೈಜ್ಞಾನಿಕ ಕಥೆಯ ನೋಡುಗರಿಗೆ ಅದು ಸಾಕಾಗುವುದಿಲ್ಲ. ಅವರಿಗೆ ಆ ನೌಕೆ, ಆ ಗುಂಡಿಗಳ ಫಲಕ, ಬಾಗಿಲು ತೆರೆಯುವಾಗಿನ ಆ ಸದ್ದು ಬೇಕು. ಅದೊಂದೂ ಪೇಟೆಯಲ್ಲಿ ಕೊಳ್ಳಲು ಸಿಗುವ ಸಾಮಾನಲ್ಲ, ಮೊದಲಿನಿಂದ ಕಟ್ಟಬೇಕು.

‘ಪಿಕಾರ್ಡ್’ ತಂಡಕ್ಕೆ ಎದುರಾದದ್ದು ಇದೇ. ‘ನೆಕ್ಸ್ಟ್ ಜನರೇಶನ್’ನ ಎಂಟರ್‌ಪ್ರೈಸ್-ಡಿ ನೌಕೆಯ ಚಾಲನಾ ಕೊಠಡಿಯ ಮೂಲ ಸೆಟ್ 1994ರ ಸಿನಿಮಾದ ಬಳಿಕ ಉಳಿದಿರಲಿಲ್ಲ. ನಕ್ಷೆ, ಛಾಯಾಚಿತ್ರ, ಹಳೆಯ ಕಂತುಗಳ ಚೌಕಟ್ಟುಗಳನ್ನು ಇಟ್ಟುಕೊಂಡು ಅದನ್ನು ಮತ್ತೆ ಕಟ್ಟಿದರು. ನೆಲಕ್ಕೆ ಹಾಸಿದ್ದ ಕಾರ್ಪೆಟ್ ಮಾರುಕಟ್ಟೆಯಲ್ಲಿ ಇಲ್ಲದ್ದರಿಂದ ಅದನ್ನೂ ಹೇಳಿ ಮಾಡಿಸಬೇಕಾಯಿತು. ಮೂಲ ಧಾರಾವಾಹಿಯ ಗ್ರಾಫಿಕ್ಸ್ ಮಾಡಿದ್ದ ಮೈಕೆಲ್ ಒಕುಡಾ ಮತ್ತು ಡೆನಿಸ್ ಒಕುಡಾ ಈ ಕೆಲಸಕ್ಕೆ ಒದಗಿದರು. ನೌಕೆಯ ಕಂಪ್ಯೂಟರಿನ ದನಿಯಾಗಿದ್ದ ಮಜೆಲ್ ಬ್ಯಾರೆಟ್ 2008ರಲ್ಲೇ ತೀರಿಕೊಂಡಿದ್ದರು. ಅವರ ಹಳೆಯ ಧ್ವನಿಮುದ್ರಣಗಳಿಂದಲೇ ಮಾತು ಆಯ್ದು ಸೇರಿಸಿದರು. ಇಷ್ಟೆಲ್ಲ ಮಾಡಿದ ಸೆಟ್ ಕಾಣುವುದು ಸರಣಿಯ ಕೊನೆಯ ಎರಡು ಕಂತುಗಳಲ್ಲಿ ಮಾತ್ರ. ಆದರೂ ಇಡೀ ಸರಣಿಯನ್ನು ಜನ ನೆನಪಿಟ್ಟುಕೊಂಡದ್ದು ಆ ಕೆಲವು ನಿಮಿಷಗಳಿಗಾಗಿ. ಖರ್ಚು ಹಾಕಿದವರ ಲೆಕ್ಕ ತಪ್ಪಲಿಲ್ಲ.

ವಯಸ್ಸಿನ ತೊಡಕೂ ಇದೆ. ‘ಡಾಕ್ಟರ್ ಹೂ’ ಇದಕ್ಕೊಂದು ವಿಶಿಷ್ಟ ದಾರಿ ಕಂಡುಕೊಂಡಿತ್ತು. ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಾಗ, 1966ರಲ್ಲಿ, ನಾಯಕನ ದೇಹವೇ ಬದಲಾಗುತ್ತದೆ ಎಂದು ಕಥೆಯೊಳಗೇ ಹೊಸೆದರು. ಹಾಗಾಗಿ ಒಂದೇ ಪಾತ್ರದ ಹಲವು ನಟರನ್ನು ಒಂದೇ ಕಂತಿನಲ್ಲಿ ತರಲು ಸಾಧ್ಯವಾಯಿತು. ಹತ್ತನೇ ವರ್ಷಾಚರಣೆಗೆಂದು 1972ರ ಡಿಸೆಂಬರ್ 30ಕ್ಕೆ ಆರಂಭವಾದ ‘ದಿ ಥ್ರೀ ಡಾಕ್ಟರ್ಸ್’ ಇಂಥ ಮೊದಲ ಯತ್ನ. ಹಾರ್ಟ್‌ನೆಲ್ ಆ ಹೊತ್ತಿಗೆ ತೀರಾ ಬಳಲಿದ್ದರು. ಉಳಿದಿಬ್ಬರ ಜೊತೆ ಓಡಾಡುವ ದೃಶ್ಯಗಳನ್ನು ಕೈಬಿಟ್ಟು, ಅವರನ್ನು ಕೂರಿಸಿ ಚಿತ್ರೀಕರಿಸಿ, ಕಥೆಯಲ್ಲಿ ಪರದೆಯ ಮೇಲಷ್ಟೇ ಕಾಣಿಸಿದರು. ನಟನ ದೇಹಸ್ಥಿತಿಗೆ ತಕ್ಕಂತೆ ಕಥೆ ಬದಲಿಸುವುದು ಅಂದಿನಿಂದ ಈ ಪ್ರಕಾರದ ಮೊದಲ ಪಾಠ.

1983ರ ‘ದಿ ಫೈವ್ ಡಾಕ್ಟರ್ಸ್’ ಹೊತ್ತಿಗೆ ಹಾರ್ಟ್‌ನೆಲ್ ಇರಲಿಲ್ಲ, ರಿಚರ್ಡ್ ಹರ್ನ್‌ಡಾಲ್ ಆ ಪಾತ್ರ ವಹಿಸಿದರು. ನಾಲ್ಕನೆಯ ನಟ ಟಾಮ್ ಬೇಕರ್ ಬರಲೊಪ್ಪಲಿಲ್ಲ. 1979ರಲ್ಲಿ ಮುಷ್ಕರದಿಂದ ಅರ್ಧಕ್ಕೆ ನಿಂತು ಪ್ರಸಾರವೇ ಆಗದ ‘ಶಾಡಾ’ ಎಂಬ ಕಥೆಯ ತುಣುಕುಗಳು ಬಿಬಿಸಿಯ ಬಳಿ ಇದ್ದವು. ಅವನ್ನೇ ಜೋಡಿಸಿ ಆತ ಕಾಲದ ಸುಳಿಯಲ್ಲಿ ಸಿಕ್ಕಿಬಿದ್ದ ಎಂದು ಕಥೆ ಮುಗಿಸಿದರು. ಪ್ರಚಾರದ ಫೋಟೊಕ್ಕೆ ಮೇಡಂ ಟುಸ್ಸಾಡ್ಸ್‌ನ ಮೇಣದ ಬೊಂಬೆಯನ್ನು ನಿಲ್ಲಿಸಲಾಯಿತು. ಆ ತುಣುಕುಗಳನ್ನು ಎಸೆದಿದ್ದರೆ ಐವರಲ್ಲಿ ಒಬ್ಬರು ಕಥೆಯಲ್ಲೇ ಇರುತ್ತಿರಲಿಲ್ಲ. 2013ರ ‘ದಿ ಡೇ ಆಫ್ ದಿ ಡಾಕ್ಟರ್’ 94 ದೇಶಗಳಲ್ಲಿ ಏಕಕಾಲಕ್ಕೆ ಪ್ರಸಾರವಾಯಿತು. ಆಗ ಒಂಬತ್ತನೆಯ ನಟ ಕ್ರಿಸ್ಟೋಫರ್ ಎಕ್ಲ್‌ಸ್ಟನ್ ಒಲ್ಲೆ ಎಂದರು. ಅವರ ಜಾಗಕ್ಕೆ ಜಾನ್ ಹರ್ಟ್‌ಗಾಗಿ ಹೊಸದೊಂದು ಅವತಾರ ಬರೆದರು. ಅದೇ ಕಂತಿನ ಕೊನೆಯಲ್ಲಿ 79ರ ಹರೆಯದ ಟಾಮ್ ಬೇಕರ್, ಮೂವತ್ತು ವರ್ಷ ಹಿಂದೆ ನಿರಾಕರಿಸಿದ್ದವರು, ಕೆಲವೇ ನಿಮಿಷ ಬಂದು ಹೋದರು.

ಎಲ್ಲರನ್ನೂ ಸೇರಿಸಿಬಿಟ್ಟರೆ ಕೆಲಸ ಆಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. 1993ರಲ್ಲಿ 30ನೇ ವರ್ಷಕ್ಕೆ ಯೋಜಿಸಿದ್ದ ಪೂರ್ಣ ಕಥೆ ರದ್ದಾಗಿ, ದತ್ತಿ ಕಾರ್ಯಕ್ರಮವೊಂದರ ಭಾಗವಾಗಿ ‘ಡೈಮೆನ್ಶನ್ಸ್ ಇನ್ ಟೈಮ್’ ಎಂಬ ಎರಡು ಪುಟ್ಟ ಕಂತು ಬಂದವು. ಹತ್ತಾರು ಹಳೆಯ ಮುಖ, ತಲೆಗೊಂದು ಮಾತು, ಜೊತೆಗೆ ಇನ್ನೊಂದು ಧಾರಾವಾಹಿಯ ಪಾತ್ರಗಳು. ಕೂಡಾಟದಲ್ಲಿ ಎರಡು ಮೇಳದ ಎಲ್ಲ ವೇಷಗಳಿಗೂ ಪ್ರವೇಶ ಕೊಡುತ್ತಾ ಹೋದರೆ ಬೆಳಗಾದರೂ ಪ್ರಸಂಗ ಸಾಗದು. ಇಲ್ಲೂ ಅದೇ ಆಯಿತು. ತಂಡದಲ್ಲಿ ಯಾರಿಗೆ ಕಥೆ, ಯಾರಿಗೆ ಬರೀ ನಮಸ್ಕಾರ ಎಂದು ಬರವಣಿಗೆಯ ಹಂತದಲ್ಲೇ ಕಟುವಾಗಿ ನಿರ್ಧರಿಸಬೇಕು.

ಬ್ರಿಟನ್ನಿನ ಹಾಸ್ಯ ಧಾರಾವಾಹಿ ‘ರೆಡ್ ಡ್ವಾರ್ಫ್’ ತಪ್ಪಿದ್ದು ಬೇರೆ ಕಡೆ. 1999ರಲ್ಲಿ ನಿಂತದ್ದು 2009ರಲ್ಲಿ ಮೂರು ಕಂತಾಗಿ ಮರಳಿತು. ನಟರು ಅವರೇ, ಬರೆದವರೂ ಹಳಬರೇ. ಆದರೆ ಮೊದಲಿಗೆ ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿ ಚಿತ್ರೀಕರಿಸುತ್ತಿದ್ದದ್ದನ್ನು ಬಿಟ್ಟು ಸಿನಿಮಾದಂತೆ ತೆಗೆದರು. ಜನರ ನಗುವಿಗೆ ಕಾದು ಮಾತು ಮುಂದುವರಿಸುವ ಲಯಕ್ಕೆ ಒಗ್ಗಿದ ನಟರು ಆ ಮೌನದಲ್ಲಿ ಸಪ್ಪೆಯಾದರು. 2012ರಲ್ಲಿ ಮುಂದಿನ ಸರಣಿಗೆ ಪ್ರೇಕ್ಷಕರನ್ನು ವಾಪಸು ಕರೆತಂದರು. ಕಥೆ, ನಟರಂತೆ ಚಿತ್ರೀಕರಣದ ಪದ್ಧತಿಯೂ ಹಳೆಯ ಧಾರಾವಾಹಿಯ ಗುರುತಿನ ಭಾಗ.

ತೀರಿಕೊಂಡ ನಟರ ವಿಷಯದಲ್ಲಿ ಈಗ ಮೂರು ದಾರಿಗಳಿವೆ. ‘ಬ್ಯಾಬಿಲಾನ್ 5’ ಅನಿಮೇಶನ್ ಆರಿಸಿಕೊಂಡಿತು: ಬದುಕಿರುವವರು ತಮ್ಮ ಪಾತ್ರಕ್ಕೆ ತಾವೇ ದನಿ ಕೊಟ್ಟರು, ಮಿರಾ ಫುರ್ಲಾನ್, ಆಂಡ್ರಿಯಾಸ್ ಕಟ್ಸುಲಾಸ್ ಅವರಂತೆ ಅಗಲಿದವರ ಪಾತ್ರಗಳಿಗೆ ಬೇರೆಯವರು ಕೊಟ್ಟರು. ಬೊಂಬೆ ಧಾರಾವಾಹಿ ‘ಥಂಡರ್‌ಬರ್ಡ್ಸ್’ 50ನೇ ವರ್ಷಕ್ಕೆ ಇದರ ತಿರುವುಮುರುವು ಮಾಡಿತು. 1960ರ ದಶಕದಲ್ಲಿ ಗ್ರಾಮಫೋನ್ ತಟ್ಟೆಗಾಗಿ ಮೂಲ ಕಲಾವಿದರೇ ಮಾತಾಡಿದ್ದ ಕಥೆಗಳ ಧ್ವನಿ ಇತ್ತು. 2015ರಲ್ಲಿ ಅಭಿಮಾನಿಗಳಿಂದ ಹಣ ಕೂಡಿಸಿ ಅದಕ್ಕೆ ಹೊಸದಾಗಿ ಬೊಂಬೆಯಾಡಿಸಿ ಮೂರು ಕಂತು ಚಿತ್ರೀಕರಿಸಿದರು. ಮೂರನೆಯ ದಾರಿ ಡಿಜಿಟಲ್ ಮುಖ. 2024ರ ನವೆಂಬರಿನಲ್ಲಿ ಬಂದ ‘ಯೂನಿಫಿಕೇಶನ್’ ಎಂಬ ಹತ್ತು ನಿಮಿಷದ ‘ಸ್ಟಾರ್ ಟ್ರೆಕ್’ ಕಿರುಚಿತ್ರದಲ್ಲಿ ಬೇರೆ ನಟರ ಅಭಿನಯದ ಮೇಲೆ ಮೂಲ ಧಾರಾವಾಹಿಯ ಮುಖ್ಯ ಪಾತ್ರಗಳಾದ ಕರ್ಕ್ ಮತ್ತು ಸ್ಪಾಕ್ ಮುಖಗಳನ್ನು ಕೂರಿಸಿದರು. ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ ಅವರೂ, 2015ರಲ್ಲಿ ನಿಧನರಾದ ಸ್ಪಾಕ್ ಪಾತ್ರದ ಲೆನರ್ಡ್ ನಿಮಾಯ್ ಅವರ ಕುಟುಂಬದವರೂ ಜೊತೆಗೂಡಿ ಮಾಡಿದ್ದರಿಂದ ಅದಕ್ಕೊಂದು ಗೌರವ ಉಳಿಯಿತು. ಒಪ್ಪಿಗೆಯಿಲ್ಲದೆ ಸತ್ತವರ ಮುಖ ಎತ್ತಿಕೊಳ್ಳುವುದು ಅನ್ಯಾಯ. 2023ರ ಹಾಲಿವುಡ್ ನಟರ ಮುಷ್ಕರದಲ್ಲಿ ಡಿಜಿಟಲ್ ನಕಲಿಗೆ ನಟರ ಸಮ್ಮತಿ ಕಡ್ಡಾಯವಾಗಬೇಕೆಂದು ಪಟ್ಟು ಹಿಡಿದದ್ದು ಸರಿಯಾಗಿಯೇ ಇತ್ತು.

ಫಿಲ್ಮು, ಟೇಪು, ಮತ್ತು ಅಳಿಸಿಹೋದದ್ದು

ಬಿಬಿಸಿ 1960–70ರ ದಶಕಗಳಲ್ಲಿ ‘ಡಾಕ್ಟರ್ ಹೂ’ ಕಂತುಗಳನ್ನು ಅಳಿಸಿಹಾಕಿತು. ಎರಡು ಇಂಚು ಅಗಲದ ವೀಡಿಯೋ ಟೇಪು ದುಬಾರಿ, ಅಳಿಸಿ ಮತ್ತೆ ಬಳಸಬಹುದಾದದ್ದು. ಮರುಪ್ರಸಾರಕ್ಕೆ ನಟರ ಸಂಘದ ಒಪ್ಪಂದದ ಮಿತಿ ಇತ್ತು. ಮನೆಯಲ್ಲಿ ವೀಡಿಯೋ ನೋಡುವ ಕಾಲ ಬಂದೀತೆಂಬ ಊಹೆ ಯಾರಿಗೂ ಇರಲಿಲ್ಲ. 1978ರಲ್ಲಿ ಸಂಗ್ರಹಾಗಾರ ವ್ಯವಸ್ಥೆ ಬಂದಮೇಲೆ ಇದು ನಿಂತಿತು. ಆದರೂ 90ಕ್ಕೂ ಹೆಚ್ಚು ಕಂತುಗಳ ಚಿತ್ರ ಕೈತಪ್ಪಿ ಹೋಯಿತು. ಆಮೇಲೆ ಸಿಕ್ಕವು ಹೆಚ್ಚಾಗಿ ವಿದೇಶಿ ಕೇಂದ್ರಗಳಿಗೆ ಮಾರಲು ತೆಗೆದಿದ್ದ 16 ಮಿ.ಮೀ. ಫಿಲ್ಮ್ ಪ್ರತಿಗಳು. 2013ರಲ್ಲಿ ನೈಜೀರಿಯಾದ ಜೋಸ್ ನಗರದ ಟಿವಿ ಕೇಂದ್ರದಲ್ಲಿ ಒಂಬತ್ತು ಕಂತು ಸಿಕ್ಕಿದ ಸುದ್ದಿ ಬಂತು.

ಚಿತ್ರ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿ ಮಾತ್ರ ಇದೆ. ಅದನ್ನು ಉಳಿಸಿದ್ದು ಬಿಬಿಸಿ ಅಲ್ಲ, ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಹುಡುಗರು. ಆ ಧ್ವನಿಯ ಮೇಲೆ ಅನಿಮೇಶನ್ ಮಾಡಿ 2016ರಲ್ಲಿ ‘ದಿ ಪವರ್ ಆಫ್ ದಿ ಡಾಲೆಕ್ಸ್’ ಕಥೆಯನ್ನು, ಅದರ ಮೊದಲ ಪ್ರಸಾರಕ್ಕೆ 50 ವರ್ಷ ತುಂಬಿದಾಗ, ಮತ್ತೆ ತೋರಿಸಿದರು. ಸಾಮಾನ್ಯ ನೋಡುಗರ ಮನೆಯ ಮುದ್ರಣ ಒಂದು ಸಂಸ್ಥೆಯ ಚರಿತ್ರೆಯನ್ನೇ ತುಂಬಿಕೊಟ್ಟ ಇದಕ್ಕಿಂತ ದೊಡ್ಡ ಉದಾಹರಣೆ ಟಿವಿಯಲ್ಲಿ ಸಿಗುವುದು ಕಷ್ಟ.

ಉಳಿದದ್ದು ಯಾವ ರೂಪದಲ್ಲಿದೆ ಎಂಬುದೂ ಮುಖ್ಯ. ‘ನೆಕ್ಸ್ಟ್ ಜನರೇಶನ್’ ಚಿತ್ರೀಕರಣವಾದದ್ದು 35 ಮಿ.ಮೀ. ಫಿಲ್ಮಿನಲ್ಲಿ. ಸಂಕಲನ ಮತ್ತು ನೌಕೆಯ ದೃಶ್ಯಗಳ ಜೋಡಣೆ ಮಾತ್ರ ವೀಡಿಯೋ ಟೇಪಿನಲ್ಲಿ. ಹಾಗಾಗಿ ಮುಗಿದ ಕಂತಿನ ಸ್ಪಷ್ಟತೆ ಹಳೆಯ ಟಿವಿಯಷ್ಟೇ. ಆದರೆ ನೆಗೆಟಿವ್‌ಗಳನ್ನು ಇಟ್ಟಿದ್ದರು. 2012ರಿಂದ ಬ್ಲೂ-ರೇಗಾಗಿ ಪ್ರತಿ ಚೂರನ್ನೂ ಹುಡುಕಿ, ಸ್ಕ್ಯಾನ್ ಮಾಡಿ, ಕಂತುಗಳನ್ನು ಮೊದಲಿನಿಂದ ಸಂಕಲಿಸಿ, ನೌಕೆಯ ದೃಶ್ಯಗಳನ್ನು ಮರುಜೋಡಿಸಿದರು. ಇಷ್ಟು ಖರ್ಚು ಹಿಂದೆ ಬರಲಿಲ್ಲವೆಂದು ಮುಂದಿನ ‘ಡೀಪ್ ಸ್ಪೇಸ್ ನೈನ್’ ಮತ್ತು ‘ವಾಯೇಜರ್’ ಧಾರಾವಾಹಿಗಳಿಗೆ ಆ ಭಾಗ್ಯ ಸಿಗಲಿಲ್ಲ. ‘ಬ್ಯಾಬಿಲಾನ್ 5’ನಲ್ಲಿ ನಟರ ದೃಶ್ಯಗಳು ಅಗಲ ಪರದೆಗೆ ಹೊಂದುವಂತೆ ಫಿಲ್ಮಿನಲ್ಲಿ ಇದ್ದವು, ಕಂಪ್ಯೂಟರ್ ಗ್ರಾಫಿಕ್ಸಿನ ಮೂಲ ಕಡತಗಳು ಕಳೆದಿದ್ದವು. ಆದ್ದರಿಂದ ಇಂದಿಗೂ ಅದರ ನೌಕೆಗಳ ದೃಶ್ಯ ಬಂದಾಗ ಚಿತ್ರ ತುಸು ಮಂಕಾಗುತ್ತದೆ.

ಹಳೆಯದನ್ನೂ ಹೊಸದನ್ನೂ ಒಂದೇ ಚೌಕಟ್ಟಿನಲ್ಲಿ ಸೇರಿಸುವ ಕೆಲಸದಲ್ಲಿ 1996ರ ನವೆಂಬರಿನ ‘ಟ್ರಯಲ್ಸ್ ಆ್ಯಂಡ್ ಟ್ರಿಬಲ್-ಏಶನ್ಸ್’ ಈಗಲೂ ಮಾದರಿ. ‘ಸ್ಟಾರ್ ಟ್ರೆಕ್’ನ 30ನೇ ವರ್ಷಕ್ಕೆಂದು ‘ಡೀಪ್ ಸ್ಪೇಸ್ ನೈನ್’ ನಟರನ್ನು 1967ರ ಕಂತೊಂದರ ಒಳಕ್ಕೆ ಇಳಿಸಿದರು. ಹಳೆಯ ಕಂತಿನ ಬಣ್ಣಕ್ಕೂ ಚಿತ್ರದ ಸಣ್ಣ ಚುಕ್ಕೆಗಳಿಗೂ (ಗ್ರೇನ್) ಹೊಂದುವ ಫಿಲ್ಮು, ಅದೇ ಕೋನದ ಬೆಳಕು, ಕ್ಯಾಮೆರಾದ ಅದೇ ಎತ್ತರ, ಕಾರಿಡಾರಿನ ಮರುನಿರ್ಮಾಣ, ಗ್ರೆಗ್ ಜೈನ್ ಕೈಯಿಂದ ನೌಕೆಯ ಹೊಸ ಮಾದರಿ. ಇವುಗಳಲ್ಲಿ ಒಂದು ತಪ್ಪಿದ್ದರೂ ನಟರು ಅಂಟಿಸಿದ ಚಿತ್ರದಂತೆ ಕಾಣುತ್ತಿದ್ದರು.

ಹಕ್ಕಿನ ಕಾಗದ

2023ರ ನವೆಂಬರಿನಲ್ಲಿ ಬಿಬಿಸಿ ತನ್ನ ಆನ್‌ಲೈನ್ ತಾಣ ಐಪ್ಲೇಯರ್‌ನಲ್ಲಿ ‘ಡಾಕ್ಟರ್ ಹೂ’ನ 800ಕ್ಕೂ ಹೆಚ್ಚು ಕಂತು ಏರಿಸಿತು. 1963ರ ನವೆಂಬರ್ 23ಕ್ಕೆ ಆರಂಭವಾದ ಮೊಟ್ಟಮೊದಲ ಕಥೆಯ ನಾಲ್ಕು ಕಂತು ಮಾತ್ರ ಅದರಲ್ಲಿರಲಿಲ್ಲ. ಕಂತುಗಳ ಪ್ರತಿ ಇತ್ತು, ಲೇಖಕರ ವಾರಸುದಾರರ ಜೊತೆ ಒಪ್ಪಂದ ಆಗಲಿಲ್ಲ. 60ನೇ ಹುಟ್ಟುಹಬ್ಬಕ್ಕೆ ಹುಟ್ಟಿದ ದಿನದ ಕಂತೇ ಇಲ್ಲದಾಯಿತು.

ಭಾರತದಲ್ಲಿ ಲೆಕ್ಕ ಹೀಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರಿತ ಕೃತಿಯ ಹಕ್ಕು ಪ್ರಕಟವಾದ ಮರುವರ್ಷದ ಜನವರಿಯಿಂದ 60 ವರ್ಷ. 1989ರ ಧಾರಾವಾಹಿಗೆ 2049ರ ಕೊನೆಯವರೆಗೆ ರಕ್ಷಣೆ ಇದೆ. ಹಕ್ಕು ಯಾರದ್ದೆಂಬುದು ಅದು ತಯಾರಾದ ಬಗೆಯ ಮೇಲೆ ನಿಂತಿದೆ. ದೂರದರ್ಶನ ತಾನೇ ಹಣ ಕೊಟ್ಟು ಮಾಡಿಸಿದ್ದರೆ ಹಕ್ಕು ಸಾಮಾನ್ಯವಾಗಿ ದೂರದರ್ಶನದ್ದು. ಜಾಹೀರಾತುದಾರರ ಪ್ರಾಯೋಜಕತ್ವದಲ್ಲಿ ಖಾಸಗಿ ನಿರ್ಮಾಪಕರು ತಯಾರಿಸಿ ಪ್ರಸಾರ ಸಮಯ ಪಡೆದಿದ್ದರೆ ನಿರ್ಮಾಪಕರದ್ದು. ಎರಡನೆಯ ಬಗೆಯಲ್ಲಿ ಮಾಸ್ಟರ್ ಟೇಪು ನಿರ್ಮಾಪಕರ ಕಚೇರಿಯ ಕಪಾಟಿನಲ್ಲಿ ಇರುತ್ತದೆ. ಕಚೇರಿ ಮುಚ್ಚಿದರೆ, ಪಾಲುದಾರರು ಬೇರೆಯಾದರೆ, ನಿರ್ಮಾಪಕರು ಕಾಲವಾದರೆ ಅದಕ್ಕೆ ಹೊಣೆಗಾರರೇ ಇರುವುದಿಲ್ಲ. ಇನ್ನೊಂದು ಅಂಶ: ಪ್ರದರ್ಶಕರ ಹಕ್ಕು ಎಂಬುದು ನಮ್ಮ ಕಾಯ್ದೆಗೆ ಬಂದದ್ದೇ 1994ರ ತಿದ್ದುಪಡಿಯಿಂದ. ಅದಕ್ಕೂ ಹಿಂದಿನ ನಟರ ಕರಾರುಗಳಲ್ಲಿ ವೀಡಿಯೋ, ಇಂಟರ್‌ನೆಟ್, ಮರುಬಳಕೆಗಳ ಮಾತೇ ಇರುವುದಿಲ್ಲ. ಹಳೆಯ ದೃಶ್ಯ ಬಳಸಿ ಹೊಸ ಕಂತು ಮಾಡುವವರು ಪ್ರತಿಯೊಬ್ಬರ ಬಳಿಯೂ ಹೊಸ ಒಪ್ಪಿಗೆ ಪಡೆಯುವುದು ಜಾಣತನ.

ಇದರ ಜೊತೆಗೆ ತಾಂತ್ರಿಕ ಮಿತಿ. ಆ ಕಾಲದ ನಮ್ಮ ಧಾರಾವಾಹಿಗಳಲ್ಲಿ ಹೆಚ್ಚಿನವು ನೇರ ವೀಡಿಯೋ ಟೇಪಿನಲ್ಲೇ ತೆಗೆದವು. ಹಿಂದೆ ನೆಗೆಟಿವ್ ಎಂಬುದಿಲ್ಲ. ಆಗಿನ ನಮ್ಮ ಟಿವಿಯ ಪಾಲ್ ಪದ್ಧತಿಯ 576 ಗೆರೆಗಳಿಗಿಂತ ಹೆಚ್ಚು ವಿವರ ಎಲ್ಲಿಯೂ ಅಡಗಿಲ್ಲ. ಸಾಫ್ಟ್‌ವೇರಿನಿಂದ ಹಿಗ್ಗಿಸಿದರೆ ಮುಖ ಮೇಣದಂತೆ ನುಣುಪಾಗುತ್ತದೆ, ವಿವರ ಹುಟ್ಟುವುದಿಲ್ಲ. ಭಾರತದಲ್ಲಿ ಪುನರ್ಮಿಲನ ಮಾಡುವವರು ಹಳೆಯ ದೃಶ್ಯಗಳನ್ನು ಅದೇ ಚೌಕ ಆಕಾರದಲ್ಲಿ, ಅದೇ ಗುಣಮಟ್ಟದಲ್ಲಿ, ಕಥೆಯೊಳಗಿನ ಹಳೆಯ ಮುದ್ರಣವೆಂಬಂತೆ ಬಳಸುವುದು ಉತ್ತಮ. 2019ರಲ್ಲಿ ಅಗಲಿದ ಕಾರ್ನಾಡರನ್ನು ‘ಇಂದ್ರಧನುಷ್’ಗೆ ಮರಳಿ ತರಬೇಕಿದ್ದರೆ ಇರುವ ಗೌರವದ ದಾರಿ ಇದೊಂದೇ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ಆರಂಭಿಸಿದ ‘ವೇವ್ಸ್’ ಒಟಿಟಿಯಲ್ಲಿ ಹಳೆಯ ದೂರದರ್ಶನ ಧಾರಾವಾಹಿಗಳು ಬರುತ್ತಿರುವುದು ಒಳ್ಳೆಯ ಆರಂಭ. ಪುನರ್ಮಿಲನಕ್ಕೆ ಮೊದಲು ಮೂಲ ಕಂತುಗಳು ಜನರ ಕಣ್ಣಿಗೆ ಬೀಳಲೇಬೇಕು.

ಇಲ್ಲಿನ ವಾಚನಾಲಯದಲ್ಲಿ ತೋರಿಸುವುದಿದ್ದರೆ

ಕಾಸರಗೋಡಿನ ಹಳ್ಳಿಗಳಲ್ಲಿ ಕೇರಳ ರಾಜ್ಯ ಲೈಬ್ರರಿ ಕೌನ್ಸಿಲ್‌ಗೆ ಸೇರಿದ ವಾಚನಾಲಯಗಳಿವೆ, ಕಲಾಸಂಘಗಳಿವೆ. ಇಂಥ ವಿಶೇಷ ಕಂತನ್ನು ಎಲ್ಲರೂ ಕೂತು ನೋಡಬೇಕೆಂದರೆ ಎರಡು ತೊಡಕು. ಮನೆಯ ಚಂದಾ ಮನೆಯಲ್ಲಿ ನೋಡಲಿಕ್ಕೆ ಮಾತ್ರ, ಸಭಾಂಗಣದಲ್ಲಿ ಹಾಕಲು ಹಕ್ಕುದಾರರ ಅನುಮತಿ ಬೇಕು, ಟಿಕೆಟ್ ಇಲ್ಲದಿದ್ದರೂ ಬೇಕು. ಕಾಯ್ದೆಯ 52ನೇ ಕಲಮಿನಲ್ಲಿ ಹವ್ಯಾಸಿ ಸಂಘಗಳಿಗಿರುವ ರಿಯಾಯಿತಿ ನಾಟಕ, ಸಂಗೀತ, ಸಾಹಿತ್ಯಕ್ಕೆ, ಚಿತ್ರಕ್ಕಲ್ಲ. ಶಾಲೆಗೆ ಬೇರೆ ರಿಯಾಯಿತಿ ಇದೆ. ಶಾಲೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಶಿಕ್ಷಕರು, ಹೆತ್ತವರು, ಆ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟೇ ಜನರಿಗೆ ತೋರಿಸಬಹುದು. ಊರಿನವರನ್ನೆಲ್ಲ ಕರೆದರೆ ಆ ರಿಯಾಯಿತಿ ಹೋಗುತ್ತದೆ.

ಎರಡನೆಯದು ಕನ್ನಡ ಸಬ್‌ಟೈಟಲ್. ಅನುಮತಿ ಸಿಕ್ಕಿದ ಮೇಲೆ ನಾವೇ ಬರೆಯಬೇಕಾದ ಪರಿಸ್ಥಿತಿ ಬಂದರೆ ಕೆಲವು ವಿಷಯ ಮೊದಲೇ ತಿಳಿದಿರಲಿ. ಒಮ್ಮೆಗೆ ಎರಡು ಸಾಲು, ಸಾಲಿಗೆ 35ರಿಂದ 40 ಅಕ್ಷರ, ಪರದೆಯಲ್ಲಿ ಕನಿಷ್ಠ ಒಂದು, ಗರಿಷ್ಠ ಏಳು ಸೆಕೆಂಡು. ಕಡತವನ್ನು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಉಳಿಸಿ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆ ಬರುತ್ತದೆ, ಯೂನಿಕೋಡಿಗೆ ಬದಲಿಸಲೇಬೇಕು. ಕೆಳಸಾಲಿನ ಒತ್ತಕ್ಷರಗಳು ಪರದೆಯ ಅಂಚಿನಲ್ಲಿ ಕತ್ತರಿಸಿಹೋಗುವುದು ಸಾಮಾನ್ಯ, ಕೆಳಗಿನ ಅಂಚನ್ನು ಸ್ವಲ್ಪ ಹೆಚ್ಚು ಬಿಡಿ. ಪೆನ್‌ಡ್ರೈವ್ ನೇರ ಟಿವಿಗೆ ಸಿಕ್ಕಿಸಿದರೆ ಹಲವು ಟಿವಿಗಳಲ್ಲಿ ಒತ್ತು ಪಕ್ಕಕ್ಕೆ ಜಾರುತ್ತದೆ ಇಲ್ಲವೇ ಬರೀ ಚೌಕಗಳು ಕಾಣುತ್ತವೆ. ಲ್ಯಾಪ್‌ಟಾಪಿನಿಂದ ತೋರಿಸಿ, ಆಗದಿದ್ದರೆ ಅಕ್ಷರಗಳನ್ನು ಚಿತ್ರದಲ್ಲೇ ಅಚ್ಚಾಗುವಂತೆ ರೆಂಡರ್ ಮಾಡಿ. ಕನ್ನಡ ಮಾಧ್ಯಮ ಹೈಸ್ಕೂಲುಗಳ ಲಿಟ್ಲ್ ಕೈಟ್ಸ್ ಐಟಿ ಕೂಟದ ಮಕ್ಕಳು ಬಳಸುವ ವೀಡಿಯೋ ಸಂಕಲನದ ಸಾಫ್ಟ್‌ವೇರ್ ಕೆಡೆನ್‌ಲೈವ್ ಇದಕ್ಕೆ ಸಾಕು.

ಸಬ್‌ಟೈಟಲ್ ಮೊದಲ ನಿಮಿಷದಲ್ಲಿ ಸರಿಯಿದ್ದು ಬರಬರುತ್ತಾ ಹಿಂದೆ ಬೀಳುವುದಿದ್ದರೆ ಕಾರಣ ವೇಗ. ಸೆಕೆಂಡಿಗೆ 24 ಚೌಕಟ್ಟಿನ ಫಿಲ್ಮನ್ನು ಪಾಲ್ ಪದ್ಧತಿಯಲ್ಲಿ 25ಕ್ಕೆ ಓಡಿಸುವುದರಿಂದ 60 ನಿಮಿಷದ ಕಂತು 57 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ. ಒಂದು ಪ್ರತಿಗೆ ಬರೆದ ಸಮಯವನ್ನು ಇನ್ನೊಂದಕ್ಕೆ ಹಾಕಿದರೆ ಕೊನೆಗೆ 2 ನಿಮಿಷ 24 ಸೆಕೆಂಡ್ ವ್ಯತ್ಯಾಸ ಬರುತ್ತದೆ. ಒಂದೊಂದೇ ಸಾಲು ಸರಿಸುತ್ತಾ ಕೂರಬೇಡಿ. ಎಲ್ಲ ಸಮಯಗಳನ್ನೂ 24/25ರಿಂದ ಗುಣಿಸಿ.

ಅಟ್ಟದ ಮೇಲಿನ ಕ್ಯಾಸೆಟ್‌ಗಳು

ಮದುವೆ, ಯಕ್ಷಗಾನ ಆಟ, ಗೃಹಪ್ರವೇಶದ ವಿಎಚ್‌ಎಸ್ ಕ್ಯಾಸೆಟ್‌ಗಳ ಜೊತೆ ಆ ಕಾಲದ ಟಿವಿ ಮುದ್ರಣಗಳೂ ಇಲ್ಲಿನ ಅಟ್ಟ, ಕಪಾಟುಗಳಲ್ಲಿ ಇರಬಹುದು. ಬ್ರಿಟನ್ನಿನ ಹುಡುಗರ ಧ್ವನಿಮುದ್ರಣ ಮಾಡಿದ ಕೆಲಸವನ್ನು ಇವೂ ಮಾಡಬಲ್ಲವು. ಆದರೆ ನಮ್ಮ ಮಳೆಗಾಲ ಇವಕ್ಕೆ ಶತ್ರು. ಗಾಳಿಯ ತೇವಾಂಶ 65–70 ಶೇಕಡಾ ದಾಟಿದರೆ ಬೂಷ್ಟು ಬೆಳೆಯುತ್ತದೆ, ಆಟಿ ತಿಂಗಳಲ್ಲಿ ಇಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಇರುತ್ತದೆ. ಕೆಲಸವನ್ನು ದೀಪಾವಳಿ ಕಳೆದು ಒಣ ಹವೆ ಬಂದ ಮೇಲೆ ಕೈಗೆತ್ತಿಕೊಳ್ಳಿ.

ಕ್ಯಾಸೆಟ್ಟಿನ ಕಿಟಕಿಯಿಂದ ಬೆಳಕಿಗೆ ಹಿಡಿದು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿಯೋ ಎಳೆಯೋ ಕಂಡರೆ ಕ್ಯಾಸೆಟ್ ಓಡಿಸುವ ಯಂತ್ರಕ್ಕೆ (ವಿಸಿಆರ್) ಹಾಕಲೇಬೇಡಿ. ಹೆಡ್ ಕಟ್ಟಿಕೊಳ್ಳುತ್ತದೆ, ಬೂಷ್ಟಿನ ಬೀಜ ಅಲ್ಲಿಂದ ಉಳಿದ ಎಲ್ಲ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅಂಥದ್ದನ್ನು ಬೇರೆಯಾಗಿ, ಸಿಲಿಕಾ ಜೆಲ್ ಜೊತೆ ಜಿಪ್ ಚೀಲದಲ್ಲಿ ಮುಚ್ಚಿಡಿ. ಹರಳು ಬಣ್ಣ ಬದಲಿಸಿದಾಗ 120 ಡಿಗ್ರಿ ಓವನ್ನಿನಲ್ಲಿ ಒಂದೆರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಬೂಷ್ಟು ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ, ಎನ್95 ಮಾಸ್ಕ್ ಹಾಕಿ, ಮೃದು ಬ್ರಶ್ಶಿನಿಂದ ತೆಗೆಯಿರಿ. ಹೊರ ಡಬ್ಬವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಡಬ್ಬ ಕೆಟ್ಟಿದ್ದರೆ ಐದು ಸ್ಕ್ರೂ ಬಿಚ್ಚಿ ಸುರುಳಿಗಳನ್ನು ಒಳ್ಳೆಯ ಡಬ್ಬಕ್ಕೆ ದಾಟಿಸಬಹುದು. ಹೇರ್ ಡ್ರೈಯರ್, ಬಿಸಿಲು, ಓವನ್ ಇವುಗಳಿಂದ ಟೇಪನ್ನು ಒಣಗಿಸುವುದು ಬೇಡ, ತಳಪದರ ಸೊಟ್ಟಗಾಗುತ್ತದೆ.

ಚೊಕ್ಕವಿರುವ ಕ್ಯಾಸೆಟ್ಟನ್ನೂ ನೇರ ಪ್ಲೇ ಮಾಡಬೇಡಿ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿದರೆ ವರ್ಷಗಟ್ಟಲೆ ಒಂದೇ ಕಡೆ ಬಿಗಿದ ಸುತ್ತು ಸಮನಾಗುತ್ತದೆ. ಬಣ್ಣವನ್ನೂ ಬೆಳಕನ್ನೂ ಬೇರೆಬೇರೆಯಾಗಿ ಕಳಿಸುವ ಎಸ್-ವೀಡಿಯೋ ಹೊರದಾರಿ ಇರುವ ವಿಸಿಆರ್ ಡೆಕ್ ಸಿಕ್ಕರೆ ಬಣ್ಣ ಸೋರುವುದು ಕಡಿಮೆ. ಟೇಪನ್ನು ಕಂಪ್ಯೂಟರಿಗೆ ಇಳಿಸುವ ಅಗ್ಗದ ಯುಎಸ್‌ಬಿ ಸಾಧನಗಳು ಸಿಗ್ನಲ್ ನಡುಗಿದಾಗ ಚೌಕಟ್ಟುಗಳನ್ನು ಬಿಟ್ಟುಬಿಡುತ್ತವೆ. ಗಂಟೆ ಕಳೆಯುವಷ್ಟರಲ್ಲಿ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುವುದು ಇದರಿಂದ. ನಡುವೆ ಸಿಗ್ನಲ್ಲಿನ ನಡುಕ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಇದ್ದರೆ ಈ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ. 720×576, ಸೆಕೆಂಡಿಗೆ 25 ಚೌಕಟ್ಟು, ಗೆರೆ ಬಿಟ್ಟು ಗೆರೆಯ (ಇಂಟರ್‌ಲೇಸ್ಡ್) ಮೂಲ ರೂಪದಲ್ಲೇ, ಗುಣಮಟ್ಟ ನಷ್ಟವಾಗದಂತೆ ಕಡತವನ್ನು ಕುಗ್ಗಿಸುವ ಎಫ್‌ಎಫ್‌ವಿ1 ಕೋಡೆಕ್‌ನಲ್ಲಿ ಹಿಡಿಯಿರಿ. ಗಂಟೆಗೆ ಸುಮಾರು 30 ಜಿಬಿ ಬೇಕಾಗುತ್ತದೆ. ಫೋನಿನಲ್ಲಿ ನೋಡುವ ಚಿಕ್ಕ ಪ್ರತಿಯನ್ನು ಇದರಿಂದ ಬೇರೆಯಾಗಿ ಮಾಡಿಕೊಳ್ಳಿ. ಜಾಹೀರಾತು, ಪ್ರಕಟಣೆಗಳನ್ನು ಕತ್ತರಿಸಬೇಡಿ. ಪ್ರಸಾರದ ದಿನಾಂಕ ಪತ್ತೆಯಾಗುವುದು ಹೆಚ್ಚಾಗಿ ಅವುಗಳಿಂದಲೇ.

ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಈಗ ಸಿಗುವ ಡೆಕ್‌ಗಳೆಲ್ಲ ಹಳೆಯವು, ರಬ್ಬರ್ ಬೆಲ್ಟ್ ಮತ್ತು ಪಿಂಚ್ ರೋಲರ್ ಗಟ್ಟಿಯಾಗಿರುತ್ತವೆ. ಮುಖ್ಯ ಕ್ಯಾಸೆಟ್ ಹಾಕುವ ಮೊದಲು ಬೇಡದ್ದೊಂದನ್ನು ಅರ್ಧ ಗಂಟೆ ಓಡಿಸಿ ಟೇಪು ಮಡಚುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ರಿಪೇರಿ ಬಲ್ಲವರು ಊರಲ್ಲಿ ಇನ್ನೂ ಇರುವಾಗಲೇ ಡೆಕ್ಕನ್ನು ಅವರ ಕೈಗೆ ಕೊಡಿ.

ಸ್ವಂತಕ್ಕೆ ನೋಡುವ ಪ್ರತಿಗೆ ತೊಂದರೆಯಿಲ್ಲ. ಯೂಟ್ಯೂಬಿಗೆ ಏರಿಸುವ ಹಕ್ಕು ಮುದ್ರಿಸಿಕೊಂಡವರಿಗೆ ಇಲ್ಲ. ಅದರ ಬದಲು ಪಟ್ಟಿಯೊಂದನ್ನು ಮಾಡಿ: ಧಾರಾವಾಹಿಯ ಹೆಸರು, ಕಂತಿನ ಶೀರ್ಷಿಕೆ ಕಂಡರೆ ಅದು, ಅವಧಿ, ಆರಂಭ ಮತ್ತು ಕೊನೆ ಪೂರ್ತಿ ಇದೆಯೇ, ನಡುವೆ ಬಂದ ಜಾಹೀರಾತುಗಳು. ಈ ಪಟ್ಟಿಯನ್ನು ಪ್ರಸಾರ ಭಾರತಿಯ ಸಂಗ್ರಹ ವಿಭಾಗಕ್ಕೂ, ಶೀರ್ಷಿಕೆಯಲ್ಲಿ ಹೆಸರಿರುವ ನಿರ್ಮಾಪಕರಿಗೂ ಬರೆದು ಕಳುಹಿಸಿ. ಅವರು ಕೇಳಿದರೆ ನಷ್ಟವಿಲ್ಲದ ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಕೊಡಿ. ಮೂಲ ಕ್ಯಾಸೆಟ್ಟನ್ನು ರೆಕಾರ್ಡಿಂಗ್ ತಡೆಯುವ ಪ್ಲಾಸ್ಟಿಕ್ ಚೂರು ಮುರಿದು, ಪುಸ್ತಕ ನಿಲ್ಲಿಸಿಟ್ಟಂತೆ ನೆಟ್ಟಗೆ, ಸ್ಪೀಕರಿನಿಂದ ದೂರ ಮನೆಯಲ್ಲೇ ಇಟ್ಟುಕೊಳ್ಳಿ.